ಕಲ್ಲಿನ ಹತ್ತಿರ ತೂಕಡಿಸಿದ ಜಿಪಿಎಸ್

ಕಳೆದ ವಾರ ಬೇಲೆಕೇರಿಯಲ್ಲಿ ಒಂದು ಹೊಸ ಬಲೆ ಪೂರ್ತಿ ಹರಿದುಹೋಗುವುದರಲ್ಲಿತ್ತು. ಹರಿದಿದ್ದರೆ ತಪ್ಪು ನನ್ನದೇ.

ಗಣಪತಿ ಅಲ್ಲಿ ಸಣ್ಣ ದೋಣಿಯೊಂದರ ತಾಂಡೇಲ. ಅಂದರೆ ದೋಣಿ ನಡೆಸುವವನು, ಬಲೆ ಎಲ್ಲಿ ಬಿಡಬೇಕೆಂದು ಹೇಳುವವನು. ಅವನ ಹತ್ತಿರ ಅಂಗೈಯಗಲದ ಜಿಪಿಎಸ್ ಇದೆ. ನೀರೊಳಗಿನ ಕಲ್ಲುಗಳನ್ನೆಲ್ಲ ಅದರಲ್ಲಿ ಗುರುತು ಹಾಕಿಟ್ಟಿದ್ದಾನೆ. ಅವನ ಅಣ್ಣ ಹೊನ್ನಪ್ಪನಿಗೆ ಆ ಡಬ್ಬಿ ಕಂಡರಾಗದು. ಗುಡ್ಡದ ತುದಿಗೂ ದಂಡೆಯ ಮರಕ್ಕೂ ಗೆರೆ ಕೂಡಿಸಿ ಕಲ್ಲು ಪತ್ತೆ ಮಾಡುವ ಹಳೇ ಕ್ರಮದವನು ಅವನು.

"ಸೆಲ್ ತಿಂದೇ ಬದುಕ್ತದೆ ಸಾಹೇಬ್ರೆ ಇದು. ನಮ್ಮನೆ ಬೆಕ್ಕಾದ್ರೂ ಮೀನು ತಿಂದು ಇಲಿ ಹಿಡೀತದೆ" ಎಂದ ಹೊನ್ನಪ್ಪ.

ಪೇಪರ್‌ಗೆ ಬರೆಯಲೆಂದು ಹೋಗಿದ್ದ ನಾನು ಸುಮ್ಮನಿರಬಹುದಿತ್ತು. (ನನ್ನಂತೆ ಹಬ್ಬುವಾಡದ ಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡವನಿಗೆ ಅದು ಕಷ್ಟ.) ಸೆಟ್ಟಿಂಗ್ಸ್ ತೆರೆದೆ. 'ಬ್ಯಾಟರಿ ಸೇವ್' ಒತ್ತಿದೆ. ಸೆಲ್ ಉಳಿಯುತ್ತದೆಂದರೆ ಯಾರು ಬೇಡವೆನ್ನುತ್ತಾರೆ?

ಮರುದಿನ ಬೆಳಿಗ್ಗೆ ಹೊಸ ಬಲೆ ಮೊದಲ ಸಲ ನೀರಿಗಿಳಿಯುವುದಿತ್ತು. ಮಳೆಗಾಲವಿಡೀ ಅಣ್ಣ ತಮ್ಮ ಕೂತು ಸಿದ್ಧಪಡಿಸಿದ ಬಲೆ. ತೆಂಗಿನಕಾಯಿ ಒಡೆದು ಹೊರಟೆವು. ಜಾಗ ಬಂದೊಡನೆ ಹೊನ್ನಪ್ಪ ಬಗ್ಗಿ ಬಲೆ ಬಿಡತೊಡಗಿದ. ಜಿಪಿಎಸ್ ಪರದೆಯ ಪ್ರಕಾರ ಕಲ್ಲು ಇನ್ನೂ ದೂರ.

ಹೊನ್ನಪ್ಪ ಒಮ್ಮೆ ತಲೆಯೆತ್ತಿ ದಂಡೆ ನೋಡಿದ. "ಏ ತಮಾ, ಗುಡ್ಡ ಮರದ ಮೇಲೆ ಬಂತು! ಕಲ್ಲು ಇಲ್ಲೇ ಉಂಟು, ತಿರುಗ್ಸೋ!"

"ಇದ್ರಲ್ಲಿ ದೂರ ತೋರಿಸ್ತದಲ್ಲ!"

"ತೋರಿಸ್ತದೆ. ಹರಿದ ಬಲೆ ಹೊಲಿಯುಕೆ ಅದು ಬರ್ತದ್ಯಾ?"

ಗಣಪತಿ ದೋಣಿ ತಿರುಗಿಸಿದ. ಆಗಲೇ ಪರದೆಯ ಬಾಣ ಒಮ್ಮೆಲೇ ಜಿಗಿದು ಕಲ್ಲಿನ ಪಕ್ಕ ನಿಂತಿತು. ಬಲೆಯ ಅಂಚಿನ ನಾಲ್ಕು ಕಣ್ಣು ಹರಿಯಿತು. ಅಷ್ಟೇ.

'ಸೇವ್' ಒತ್ತಿದ್ದು ನಾನೆಂದು ಒಪ್ಪಿಕೊಂಡೆ. "ಪೇಪರ್‌ನಲ್ಲಿ ತಪ್ಪಾದ್ರೆ ತಿದ್ದುಪಡಿ ಹಾಕ್ತೀರಲ್ಲ, ಇದನ್ನೂ ಹಾಕಿ" ಎಂದ ಹೊನ್ನಪ್ಪ. ಹಾಕಿದ್ದೇನೆ.

ಆದದ್ದೇನು? ಇಂಥ ಯಂತ್ರಗಳಲ್ಲಿ ಹಾರ್ಡ್‌ವೇರನ್ನು ದುಡಿಸುವ, ಮಲಗಿಸುವ, ಎಬ್ಬಿಸುವ ಒಂದು ಸಣ್ಣ ಸಾಫ್ಟ್‌ವೇರ್ ಇರುತ್ತದೆ. ಡ್ರೈವರ್ ಎನ್ನುತ್ತಾರೆ. ಸೆಲ್ ಉಳಿಸೆಂದು ನಾನು ಹೇಳಿದ್ದಕ್ಕೆ ಅದು ಉಪಗ್ರಹದ ಸಂಕೇತ ಹಿಡಿಯುವ ರಿಸೀವರನ್ನು ಕೆಲವು ಸೆಕೆಂಡು ಮಲಗಿಸಿ, ಎಬ್ಬಿಸಿ, ಮತ್ತೆ ಮಲಗಿಸುತ್ತಿತ್ತು. ಅದು ಮಲಗಿದಷ್ಟು ಹೊತ್ತೂ ಪರದೆ ಹಿಂದಿನ ಜಾಗವನ್ನೇ ತೋರಿಸುತ್ತಿತ್ತು. ದೋಣಿ ಮಲಗಿರಲಿಲ್ಲ.

ನನ್ನ ಲ್ಯಾಪ್‌ಟಾಪ್ ಮಾಡುವುದೂ ಇದನ್ನೇ. ಪವರ್ ಸೇವಿಂಗ್‌ನಲ್ಲಿ ವೈರ್‌ಲೆಸ್ ಕಾರ್ಡ್ ತೂಕಡಿಸುತ್ತದೆ, ಪೇಜ್ ತೆರೆಯುವುದರೊಳಗೆ ಒಂದು ಚಹಾ ಮುಗಿಯುತ್ತದೆ. ಆದರೆ ಹಬ್ಬುವಾಡದಲ್ಲಿ ಕಲ್ಲಿಗೆ ಸಿಕ್ಕುವ ಬಲೆಯಿಲ್ಲ.

ಹಾಗೆಂದು ಸದಾ ಎಚ್ಚರವಿಟ್ಟರೆ? ಮರಳುವ ದಾರಿಯಲ್ಲಿ ಸೆಲ್ ಮುಗಿದು ಪರದೆ ಕಪ್ಪು. ಗಣಪತಿಗೆ ಅದೂ ಆಗಿದೆ.

ಮಧ್ಯಾಹ್ನ ಬಂಗಡೆ ಸಾರು ಬಡಿಸಿಕೊಳ್ಳುತ್ತ ಹೊನ್ನಪ್ಪನೇ ತೀರ್ಪು ಕೊಟ್ಟ. "ಹೋಗುವಾಗ, ಬರುವಾಗ ಮಲಗ್ಲಿ. ನಾವೂ ಮಲಗುದಿಲ್ವಾ? ಬಲೆ ಬಿಡುವಾಗ ಮಾತ್ರ ಎದ್ದಿರ್ಬೇಕು."

ಡ್ರೈವರ್ ಬರೆಯುವ ಎಂಜಿನಿಯರುಗಳು ತಲೆ ಕೆಡಿಸಿಕೊಳ್ಳುವುದೂ ಇಷ್ಟಕ್ಕೇ: ಕೆಲಸವಿಲ್ಲದಾಗ ಮಲಗಿಸು, ಕೆಲಸ ಬರುವ ಮೊದಲೇ ಎಬ್ಬಿಸು. ಕಷ್ಟವಿರುವುದು ಆ 'ಮೊದಲೇ' ಎಂಬುದರಲ್ಲಿ.

ಸಂಜೆಯೊಳಗೆ ನಾಲ್ಕು ಕಣ್ಣೂ ಹೊಲಿದಾಯಿತು. ಈಗ ಗಣಪತಿ ದಾರಿಯಲ್ಲಿ 'ಸೇವ್', ಬಲೆ ಬಿಡುವ ಮೊದಲು 'ನಾರ್ಮಲ್' ಒತ್ತುತ್ತಾನೆ. ಎಲ್ಲಿ ಒತ್ತಬೇಕೆಂದು ಗುಡ್ಡ, ಮರ ನೋಡಿ ಕೂಗುವವನು ಹೊನ್ನಪ್ಪ.

ಅವನಿಗೆ ಸೆಲ್ ಬೇಕಿಲ್ಲ, ಬಂಗಡೆ ಸಾರು ಸಾಕು.