ಗಟ್ಟಿಯಾಗಿದ್ದ ಹಲ್ಲು

೧೯೪೧ರಲ್ಲಿ ಹಳಿಯಾಳದ ಪೇಟೆಯಲ್ಲಿ ನನ್ನ ಸ್ವಂತ ದವಾಖಾನೆ ಇತ್ತು. ಒಂಬತ್ತು ವರ್ಷಗಳಿಂದ ಜ್ವರ, ಗಾಯ, ಹಲ್ಲುನೋವು ಎಲ್ಲದಕ್ಕೂ ಜನ ನನ್ನ ಬಳಿಗೇ ಬರುತ್ತಿದ್ದರು. ಆ ವರ್ಷ ಮುಂಬಯಿಯಲ್ಲಿ ಹಲ್ಲಿನ ವೈದ್ಯಕೀಯ ಕಲಿತ ಶ್ರೀಪಾದ ಎಂಬ ತರುಣ ದಾಂಡೇಲಿಗೆ ಬಂದು ನೆಲೆಸಿದ. ಪ್ರತಿ ಗುರುವಾರ ಹಳಿಯಾಳಕ್ಕೆ ಬಂದು ನನ್ನ ಎದುರಿನ ಸಾಲಿನಲ್ಲೇ ಕುರ್ಚಿ ಹಾಕುತ್ತಿದ್ದ. ಅವನ ಬಾಗಿಲಲ್ಲಿ ಜನ ಕಳಚಿಟ್ಟ ಚಪ್ಪಲಿಗಳನ್ನು ನಾನು ಕಿಟಕಿಯಿಂದ ಎಣಿಸುತ್ತಿದ್ದೆ. ಹೊಟ್ಟೆಕಿಚ್ಚು ಎಂದರೆ ಅದೇ. ಈ ವಯಸ್ಸಿನಲ್ಲಿ ಮುಚ್ಚಿಟ್ಟು ಆಗಬೇಕಾದ್ದೇನೂ ಇಲ್ಲ.

ಹುಸೇನಸಾಬರು ನನ್ನ ಹಳೆಯ ರೋಗಿ. ಮಕ್ಕಳಿಗೆ ಕುರಾನ್ ಓದಲು ಕಲಿಸುತ್ತಿದ್ದರು, ಮಸೀದಿಯಲ್ಲಿ ಮುಂದೆ ನಿಂತು ನಮಾಜು ನಡೆಸುತ್ತಿದ್ದರು. ಊರಿಗೆಲ್ಲ ಅವರು ಉಸ್ತಾದರು. ಅವರಿಗೆ ಪಯೋರಿಯಾ ಆಗಿತ್ತು. ವಸಡು ಬಾತು ಹಲ್ಲಿನಿಂದ ಬಿಟ್ಟು, ಆ ಸಂದಿಯಲ್ಲಿ ಕೀವು ತುಂಬುವ ರೋಗವದು. ಕೀವಿನ ವಿಷ ಮೈಗೆಲ್ಲ ಏರುತ್ತದೆ, ಹಲ್ಲು ಕೀಳುವುದೇ ಮದ್ದು ಎಂದು ನಾವು ಕಲಿತಿದ್ದೆವು. ಮೇಲಿನ ಆರು ಮುಂದಿನ ಹಲ್ಲುಗಳನ್ನೂ ತೆಗೆಯಬೇಕೆಂದೆ.

"ಹಲ್ಲು ಹೋದ್ರ ಅಕ್ಷರ ಹೋಗ್ತಾವ್ರಿ, ಡಾಕ್ಟರ್ ಸಾಬ್," ಎಂದರು ಉಸ್ತಾದರು. "ನಾಲಿಗಿ ತುದಿ ಹಲ್ಲಿಗೆ ಹಚ್ಚಿ ಹೇಳೂ ಅಕ್ಷರ ಅದಾವು. ಅವು ತಪ್ಪಿದ್ರ ನಾ ಮುಂದ ನಿಂದ್ರೂದು ಹೆಂಗ?"

ಮುಂದಿನ ಗುರುವಾರ ಅವರ ಚಪ್ಪಲಿ ಎದುರು ಬಾಗಿಲಲ್ಲಿ ಕಂಡವು. ಶ್ರೀಪಾದನ ದಾರಿ ಬೇರೆ. ವಸಡು ಮರಗಟ್ಟಿಸುವ ನೋವೋಕೇನ್ ಚುಚ್ಚಿ, ಹಲ್ಲಿನ ಬುಡದಲ್ಲಿ ಕಲ್ಲಿನಂತೆ ಕೂತ ಕೊಳೆಯನ್ನು ಹೆರೆದು, ಕೀವು ನಿಲ್ಲುತ್ತಿದ್ದ ಸಡಿಲು ವಸಡನ್ನು ಕತ್ತರಿಸಿ ತೆಗೆದ. ಹಲ್ಲು ಒಂದನ್ನೂ ಕೀಳಲಿಲ್ಲ. ಅವನು ಸೋಲಲಿ ಎಂದು ನಾನು ಮನಸಾರೆ ಬಯಸಿದೆ.

ಶನಿವಾರ ಬೆಳಿಗ್ಗೆ ಉಸ್ತಾದರು ಬಾಯಿಗೆ ಬಟ್ಟೆ ಒತ್ತಿಕೊಂಡು ನನ್ನಲ್ಲಿಗೆ ಬಂದರು. ಕೊಯ್ದ ಜಾಗದಿಂದ ರಕ್ತ ಸೋರುತ್ತಿತ್ತು. ಶ್ರೀಪಾದ ಜೊಯಿಡಾಕ್ಕೆ ಹೋಗಿದ್ದ. ಗಾಜ್ ಬಟ್ಟೆ ಮಡಿಸಿ ಕಾಲು ಗಂಟೆ ಅದುಮಿ ಹಿಡಿದೆ, ರಕ್ತ ನಿಂತಿತು. ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು.

"ಸಣ್ಣ ಡಾಕ್ಟರ್ ಕೈ ಭಾಳ ಹಗರ ಐತ್ರಿ. ಕೊಯ್ದದ್ದ ಗೊತ್ತಾಗಲಿಲ್ಲ," ಎಂದರು ಅವರು.

ಆ ಮಾತು ಕೇಳಿ ಮೈ ಉರಿದುಹೋಯಿತು. "ಈ ನಡುವಿನ ಹಲ್ಲಿನ ಬುಡದಿಂದ ರಗತ ಬರಾಕತ್ತೈತಿ. ಬಿಟ್ರ ಮತ್ತ ಸುರೀತೈತಿ. ತೆಗೀಬೇಕ್ರಿ," ಎಂದೆ. ಶುದ್ಧ ಸುಳ್ಳು. ಅವರು ಕಣ್ಣು ಮುಚ್ಚಿ ತಲೆ ಆಡಿಸಿದರು.

ಪಯೋರಿಯಾದಿಂದ ಕೆಟ್ಟ ಹಲ್ಲು ಇಕ್ಕಳ ಹಾಕಿದೊಡನೆ ಸಡಿಲಾಗಿ ಬಂದುಬಿಡುತ್ತದೆ. ಇದು ಬರಲಿಲ್ಲ. ಎಡಕ್ಕೂ ಬಲಕ್ಕೂ ತಿರುಚಿದೆ, ನನ್ನ ಹಣೆ ಬೆವರಿತು. ಹಲ್ಲು ಎಲುಬಿನಲ್ಲಿ ಭದ್ರವಾಗಿತ್ತು. ಆಗಲಾದರೂ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಕೊನೆಗೆ ಹೊರಬಂದ ಹಲ್ಲನ್ನು ಅವರು ಕಣ್ಣು ತೆರೆಯುವ ಮೊದಲೇ ಬಕೆಟಿಗೆ ಎಸೆದೆ.

ಗುರುವಾರ ಶ್ರೀಪಾದ ರಸ್ತೆ ದಾಟಿ ಬಂದ. "ಆ ಹಲ್ಲು ಅಲಗಾಡ್ತಿತ್ತೇನ್ರಿ?"

"ಭಾಳ ಅಲಗಾಡ್ತಿತ್ತಪ್ಪ."

"ಹಂಗಾದ್ರ ನಾ ಸರಿಯಾಗಿ ನೋಡಿಲ್ರಿ. ತಪ್ಪು ನಂದ," ಎಂದು ತಲೆ ತಗ್ಗಿಸಿ ಹೋದ.

ಅವನು ಉಳಿಸಿದ ಐದು ಹಲ್ಲುಗಳು ಕಲ್ಲಿನಂತೆ ನಿಂತವು. ಆದರೆ ಆ ವರ್ಷದ ರಮಜಾನಿನಲ್ಲಿ ಮಸೀದಿಯಲ್ಲಿ ಮುಂದೆ ನಿಂತವನು ಬೇರೊಬ್ಬ. ಓದುವಾಗ ಗಾಳಿ ಸೋರುತ್ತದೆಂದು ಉಸ್ತಾದರೇ ಹಿಂದಿನ ಸಾಲಿಗೆ ಸರಿದಿದ್ದರು. ಆದರೂ ಪೇಟೆಯಲ್ಲಿ ಕಂಡವರಿಗೆಲ್ಲ, "ದೊಡ್ಡ ಡಾಕ್ಟರ್ ನನ್ನ ಜೀವಾ ಉಳಿಸಿದ್ರು" ಎಂದು ಹೇಳುತ್ತಿದ್ದರು. ಅದನ್ನು ನಂಬಿ ಜನ ಬಂದರು, ಚಪ್ಪಲಿಗಳು ನನ್ನ ಬಾಗಿಲಿಗೆ ಮರಳಿದವು. ಶ್ರೀಪಾದ ಹಳಿಯಾಳಕ್ಕೆ ಬರುವುದನ್ನೇ ಬಿಟ್ಟ.

ಆಮೇಲೆ ಮೂವತ್ತು ವರ್ಷ ವೈದ್ಯವೃತ್ತಿ ಮಾಡಿದೆ. ಇಕ್ಕಳ ಎತ್ತುವ ಮೊದಲು ರೋಗಿಯ ಕೈಯನ್ನೇ ಅವನ ಹಲ್ಲಿಗೆ ಮುಟ್ಟಿಸಿ, "ನೀವ ಅಲಗಾಡಿಸಿ ಹೇಳ್ರಿ" ಎನ್ನುತ್ತಿದ್ದೆ. ಜನ ಅದನ್ನು ನನ್ನ ಜಾಗ್ರತೆ ಎಂದು ಹೊಗಳಿದರು. ನನ್ನ ಕೈಯನ್ನು ನಾನೇ ನಂಬುತ್ತಿರಲಿಲ್ಲ, ಅಷ್ಟೇ.