ತಡಿ ಎಂದ ದನಿ

ನಿನ್ನೆ ಎದುರು ಮನೆಯವರು ಲಾರಿಗೆ ಹೊದಿಸಿ ನೆನೆದ ತಾಡಪತ್ರಿಯನ್ನು ಮಾಳಿಗೆಯ ಮೇಲೆ ಒಣಗಲು ಹಾಕಿದ್ದರು. ಆ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ತಡ, ನದಿ ದಂಡೆಯ ಡೇರೆ ನೆನಪಾಯಿತು. ಡೇರೆಯೊಳಗೆ ಫೋನು ಕಿವಿಗೊತ್ತಿಕೊಂಡು ನಿಂತಿದ್ದ ಫೌಜಿ ಮಾಮಾ ನೆನಪಾದರು. ಕೈಯಲ್ಲಿದ್ದ ಕೆಲಸ ಅಲ್ಲೇ ನಿಂತಿತು.

ಸುರಪುರದಲ್ಲಿ ನಮ್ಮ ಗೋಡೆಗೆ ಅವರ ಗೋಡೆ ಹತ್ತಿತ್ತು. ಫೌಜಿನಲ್ಲಿ ವೈರ್‌ಲೆಸ್ ಹಿಡಿದು, ಪೆನ್ಶನ್ ತಗೊಂಡು ಬಂದವರು. ಮೇಲಿನ ಸಾಹೇಬರ ಹುಕುಂ ಮುಂದೆ ಹೋದ ತುಕಡಿಗೆ ಮುಟ್ಟಿಸುವುದೇ ಅವರ ಕೆಲಸವಾಗಿತ್ತು. ಅಂಥ ಮನುಷ್ಯ ಓಣಿಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಸಲು ಒಲ್ಲೆ ಅನ್ನುತ್ತಿದ್ದರು! ನಮ್ಮ ಓಣಿಯಲ್ಲೋ, ಅತ್ತೆ ಸೊಸೆ ಮಾತು ಬಿಟ್ಟರೆ ನೆರೆಯವರ ಬಾಯಿಂದಲೇ ಸಂಸಾರ ನಡೆಯಬೇಕು. ಅವ್ವ ಏನಾದರೂ ಹೇಳಿಕಳಿಸಲು ಹೋದರೆ, "ನೀವ ಹೋಗಿ ಹೇಳ್ರಿ ಅಕ್ಕಾರ" ಎಂದು ಕೈ ಮುಗಿಯುತ್ತಿದ್ದರು. "ಏನ್ ಮಾಮಾ, ಬಾಯಿ ಸವೀತದೇನು?" ಎಂದು ನಾನು ಕಾಡುತ್ತಿದ್ದೆ.

ಒಮ್ಮೆ ನಾನೊಬ್ಬಳೇ ಇದ್ದಾಗ ತಾವಾಗಿಯೇ ಹೇಳಿದರು. ಎಲ್ಲೋ ಪಹಾಡದ ಕಡೆ ಗುಡ್ಡ ಕುಸಿದು ಹಳ್ಳಿಯೊಂದು ಮಣ್ಣಾಗಿತ್ತಂತೆ. ಮುಂದೆ ಹೋದ ತುಕಡಿ, ಮಣ್ಣಿನಡಿ ಜನ ಒದರುತ್ತಿದ್ದಾರೆ, ಹೋಗಲೇ ಎಂದು ಕೇಳಿತಂತೆ. ಗುಡ್ಡ ಇನ್ನೂ ಜಾರುತ್ತಿತ್ತು. ಮೇಲಿನಿಂದ ಬಂದ ಹುಕುಂ, ತಡೆಯಿರಿ. ಇವರು ಅದನ್ನೇ ಹೇಳಿದರು. ಹೊರಡಿರಿ ಎಂಬ ಹುಕುಂ ಬರುವಷ್ಟರಲ್ಲಿ ಒದರುವುದು ನಿಂತಿತ್ತು…

"ಹುಕುಂ ಸಾಹೇಬರದು, ಖರೆ. ಆದ್ರ ಆ ತುಕಡಿ ಹುಡುಗ್ರು ಕೇಳಿದ್ದು ನನ್ನ ದನಿ, ಬೇಟಾ," ಎಂದರು. ನಾನು ಮತ್ತೆಂದೂ ಕಾಡಲಿಲ್ಲ.

ಆಮೇಲೆ ಒಂದು ಮಳೆಗಾಲ, ಮೇಲಿನ ಡ್ಯಾಮಿನಿಂದ ಕೃಷ್ಣೆಗೆ ನೀರು ಬಿಟ್ಟರು. ಸುದ್ದಿ ಕೇಳಿದವರು ಊರ ಕಡೆ ಓಡಬೇಕು ತಾನೆ? ನಮ್ಮ ಮಂದಿ ನದಿಯ ಕಡೆಗೇ ಓಡುತ್ತಾರೆ, ಪಂಪ್‌ಸೆಟ್ಟಿನ ಮೋಟರ್ ಬಿಚ್ಚಿಕೊಂಡು ಬರಲು. ನನ್ನ ತಮ್ಮನೂ ಓಡಿದ. ಏನು ಹುಚ್ಚೋ ದೇವರೇ! ಮೋಟರ್ ಬಿಚ್ಚುವುದರೊಳಗೆ ಸುತ್ತ ನೀರು. ಹೊಲದ ದಿಬ್ಬದ ಮೇಲೆ ಒಬ್ಬನೇ ಸಿಕ್ಕಿಬಿದ್ದ.

ನಾವು ಸಿಕ್ಕ ಜೀಪು ಹತ್ತಿ ದಂಡೆಗೆ ಓಡಿದೆವು, ಮಾಮಾ ಜೊತೆಗೆ ಬಂದರು. ಅಲ್ಲಿ ಮೊದಲೇ ಬಂದು ಡೇರೆ ಹಾಕಿದ್ದ ಸೈನಿಕರ ತುಕಡಿ ಇತ್ತು, ದೋಣಿಯೂ ಇತ್ತು. ಆದರೆ ಸೆಳವು ಇಳಿಯುವ ತನಕ ದೋಣಿ ಬಿಡಬಾರದೆಂದು ಅವರಿಗೆ ಮೇಲಿನಿಂದ ಹುಕುಂ. ಡೇರೆಯೊಳಗೆ ನಮ್ಮೆದುರೇ ತುಕಡಿಯ ಸಾಹೇಬ ವೈರ್‌ಲೆಸ್ಸಿನಲ್ಲಿ ಮತ್ತೆ ಮತ್ತೆ ಕೇಳಿದ. ಅದೇ ಉತ್ತರ. ಅಷ್ಟರಲ್ಲಿ ತಮ್ಮನ ಫೋನು ಬಂತು, ಈಜಿ ಬರುತ್ತೇನೆ ಅನ್ನುತ್ತಿದ್ದ. ಗುರುತಿನವರು ಯಾರಾದರೂ ಬೇಡವೆಂದು ಹೇಳಿರಿ ಎಂದ ಸಾಹೇಬ. ಅವ್ವ ಅಳುತ್ತಿದ್ದಳು. ನಾನು ಫೋನು ಹಿಡಿದು ಅವ್ವನ ಮುಖ ನೋಡಿದೆ. ಮಾಮಾ ಫೋನು ಇಸಿದುಕೊಂಡರು.

"ತಡಿ ಮಗಾ. ದೋಣಿ ಬರತದ. ನೀರಿಗಿ ಇಳೀಬ್ಯಾಡ. ನಾ ಹೇಳಿದ್ದು ತಿರುಗಿ ಹೇಳು."

"ಇಳಿಯಂಗಿಲ್ಲ ಮಾಮಾ," ಎಂದ ತಮ್ಮ.

ಅವನು ಇಳಿಯಲಿಲ್ಲ. ದಿಬ್ಬವೇ ಕುಸಿದುಹೋಯಿತು. ಮಾಮಾ ಫೋನಿನಲ್ಲಿ "ಮಗಾ… ಮಗಾ…" ಅನ್ನುತ್ತಲೇ ಇದ್ದರು. ಕೊನೆಗೆ ಹುಕುಂ ಸಿಕ್ಕು ದೋಣಿ ಹೋದಾಗ ಅಲ್ಲಿ ಬರೀ ನೀರಿತ್ತು.

ಆ ಸೆಳವಿನಲ್ಲಿ ಈಜಿದ್ದರೂ ಅವನು ಉಳಿಯುತ್ತಿರಲಿಲ್ಲ. ಓಣಿಯವರೆಲ್ಲ ಮಾಮಾಗೆ ಅದನ್ನೇ ಹೇಳಿದರು. ಯಾರೂ ಅವರನ್ನು ದೂರಲಿಲ್ಲ. ದಿನಕರ್ಮ ಮುಗಿದ ಮೇಲೆ ಅವ್ವ ಹೋಗಿ ಅವರ ಹೊಸ್ತಿಲಲ್ಲಿ ಕುಳಿತಳು. ಗುಡ್ಡದ ಕತೆ ಅವ್ವನಿಗೆ ಗೊತ್ತಿರಲಿಲ್ಲ.

"ನನ್ನ ಮಗ ಒಬ್ಬನೇ ಹೋಗಲಿಲ್ರಿ ಅಣ್ಣಾರ. ಕಿವ್ಯಾಗ ನಿಮ್ಮ ದನಿ ಇತ್ತು," ಎಂದಳು.

ಮಾಮಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅಂದಿನಿಂದ ಅವರ ಮಾತು ನಿಂತೇಹೋಯಿತು. ಕರೆದರೆ ತಲೆ ಆಡಿಸುತ್ತಿದ್ದರು, ಅಷ್ಟೇ… ಹಾಗೆಯೇ ಒಂದು ದಿನ ತೀರಿಕೊಂಡರು.

ಈಗ ತಮ್ಮನೂ ಇಲ್ಲ, ಮಾಮಾನೂ ಇಲ್ಲ. ಅವ್ವನಿಗೆ ವಯಸ್ಸಾಗಿದೆ. ನಿನ್ನೆಯೂ ಅವರ ಮಾತು ಬಂತು.

"ಆವತ್ತು ನಾ ಹೋಗಿ ಹೇಳಿದ್ದು ಚಲೋ ಆತು ನೋಡವ್ವಾ. ಅಣ್ಣಾರ ಜೀವಕ್ಕ ಸಮಾಧಾನ ಆತು, ಆಮ್ಯಾಲ ಸುಮ್ಮ ಆದ್ರು," ಎಂದಳು.

"ಹೌದಬೇ," ಎಂದೆ.