ಗೇಟಿನ ಬಾಯಲ್ಲಿ ಮಗುಚಿದ ಕಲ್ಲು

ಆ ವರ್ಷ ಭಾನುವಾರ ಬಂತೆಂದರೆ ಮುನಿರತ್ನಮ್ಮನಿಗೆ ಮೈಯುರಿಯುತ್ತಿತ್ತು.

ಚನ್ನಪಟ್ಟಣದ ಆ ಪುಟ್ಟ ಉದ್ಯಾನದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕಸ ಗುಡಿಸಿ, ಗಿಡಗಳಿಗೆ ನೀರೆರೆದವಳು ಅವಳು. ಹೊಂಗನೂರಿನಲ್ಲಿ ಹಿಪ್ಪುನೇರಳೆ ಸೊಪ್ಪು ಕುಯ್ಯುತ್ತ ಬೆಳೆದವಳಿಗೆ ಶಾಲೆಯ ಮೆಟ್ಟಿಲು ಹತ್ತುವ ಭಾಗ್ಯವಿರಲಿಲ್ಲ. ಮುಚ್ಚಿಹೋದ ಹಳೆಯ ಬಾವಿಯ ಮಣ್ಣಿನ ಮೇಲೆ ಅವಳೇ ಕನಕಾಂಬರದ ಪಾತಿ ಮಾಡಿದ್ದಳು. ಈಗ ವಾರಕ್ಕೊಂದು ತಂಡ ಬಂದು ಅದನ್ನೇ ತುಳಿಯುತ್ತಿತ್ತು.

ಬರುತ್ತಿದ್ದವರು ಬಿಡದಿಯ ಕಾರ್ಖಾನೆಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು. ಅವರ ಅಂಗೈಯಲ್ಲಿ, ಉಪಗ್ರಹದ ನೆರವಿನಿಂದ ದಾರಿ ತೋರಿಸುವ ಯಂತ್ರ. ಊರಿನ ಐದು ಉದ್ಯಾನಗಳಲ್ಲಿ ಐದು ಒಗಟು. ಊರಿನ ಹಳೆಯ ಕಥೆ ಬಗೆದು ಒಂದೊಂದು ಅಂಕಿ ಹುಡುಕಬೇಕು. ಐದೂ ಕೂಡಿದರೆ, ಅರಗಿನ ಬಣ್ಣದ ಡಬ್ಬಿಯೊಂದನ್ನು ಬಚ್ಚಿಟ್ಟ ಜಾಗ ತಿಳಿಯುವುದು. ಅದರೊಳಗಿನ ಪುಸ್ತಕದಲ್ಲಿ ಹೆಸರು ಬರೆದರೆ ಗೆದ್ದಂತೆ. ಇಲ್ಲಿಯ ಒಗಟು, ಬಾವಿಯ ಕಲ್ಲಿನ ಮೇಲೆ ಕೆತ್ತಿದ ಇಸವಿ. ಯಂತ್ರ ಅವರನ್ನು ನೇರವಾಗಿ ಪಾತಿಗೆ ತಂದು ನಿಲ್ಲಿಸುತ್ತಿತ್ತು. ಕಲ್ಲು ಕಾಣದೆ ಅವರು ಗಿಡದ ಬುಡ ಕೆದಕುತ್ತಿದ್ದರು.

“ಏನ್ರಪ್ಪಾ, ನನ್ ಪಾತಿಯೊಳ್ಗೆ ನಿಮ್ ತಾತ ನಿಧಿ ಹೂತಿಟ್ಟವ್ನಾ?” ಎಂದು ಅವಳು ಪೊರಕೆಯೆತ್ತಿದರೆ, “ಸಾರಿ ಆಂಟಿ” ಎಂದು ಓಡುವರು. ಹುಡುಕುವುದೇನೆಂದು ಹೇಳಿದವರಿಲ್ಲ.

ಕೊನೆಗೆ ಆ ಆಟ ಕಟ್ಟಿದ ಮನೋಹರನೇ ಗೆಳೆಯರೊಡನೆ ಬಂದ. “ಇಲ್ಲೊಂದು ಅಕ್ಷರದ ಕಲ್ಲಿತ್ತಂತಮ್ಮಾ. ಲೈಬ್ರರಿ ಪುಸ್ತಕದಲ್ಲಿ ಓದಿದ್ದೆ. ಯಾರಿಗೂ ಸಿಗ್ತಾ ಇಲ್ಲ.”

ಮುನಿರತ್ನಮ್ಮ ಗೇಟಿನತ್ತ ನೋಡಿದಳು. ಬಾವಿ ಮುಚ್ಚಿದಾಗ ಕಂಟ್ರಾಕ್ಟರ್ ಆ ಕಲ್ಲನ್ನು ಗೇಟಿನ ಬಾಯಿಗೆ ಹಾಸಿದ್ದ. ಜನ ಅಕ್ಷರದ ಮೇಲೆ ಚಪ್ಪಲಿಕಾಲಿಡುವುದನ್ನು ನೋಡಲಾರದೆ ಅವಳು, ಎದುರಿನ ಅಂಗಡಿಯಲ್ಲಿ ಬೊಂಬೆ ಕಡೆಯುವ ಸಮದನನ್ನು ಕರೆದು, ಹಾರೆ ಹಾಕಿಸಿ ಅದನ್ನು ಮಗುಚಿಸಿದ್ದಳು. ಓದು ಬಾರದವಳು ಸರಸ್ವತಿಗೆ ಅಷ್ಟಾದರೂ ಮಾಡಬೇಡವೇ? ಈಗ ಬಾಯಿಬಿಟ್ಟರೆ ಅಕ್ಷರದ ಮೇಲೆ ಕಾಲು, ಬಿಡದಿದ್ದರೆ ಹೂವಿನ ಮೇಲೆ ಕಾಲು.

“ಹೇಳ್ಬುಡಕ್ಕಾ, ಮುಂದಿನ್ ವಾರ ಜೆಸಿಬಿ ತತ್ತಾರೆ,” ಎಂದು ಸಮದ್ ಅಂಗಡಿಯಿಂದಲೇ ನಕ್ಕ.

“ನೀನ್ ಸುಮ್ಕಿರ್ಲಾ!” ಎಂದವಳು ಮನೋಹರನತ್ತ ತಿರುಗಿದಳು. “ಗೇಟ್ನಾಗೆ ತುಳ್ಕಂಡ್ ಬಂದ್ಯಲ್ಲಪ್ಪಾ, ಅದೇಯ. ನೋಡ್ಕಂಡು ಮತ್ತೆ ಮಗುಚ್ಬುಟ್ ಹೋಗ್ಬೇಕು.”

ನಾಲ್ವರು ಸೇರಿ ಕಲ್ಲನ್ನು ಎತ್ತಿ ಮಗುಚಿದರು. ಒಂದಕ್ಷರವೂ ಸವೆದಿರಲಿಲ್ಲ. ಫೋಟೋ ಹಿಡಿದರು, ಕುಣಿದರು, ಬೈಕು ಹತ್ತಿದರು.

“ಮಗುಚ್ರಪ್ಪಾ!”

“ಮಗುಚಿದ್ರೆ ಮುಂದೆ ಬರೋರಿಗೆ ಕಾಣಲ್ವಲ್ಲಮ್ಮಾ!” ಎಂದು ಮನೋಹರ ಹೊರಟೇಬಿಟ್ಟ.

ಸಮದನ ಸೊಂಟ ಈಗ ಹಾರೆಯೆತ್ತುವಂತಿರಲಿಲ್ಲ. ಮುನಿರತ್ನಮ್ಮ ಹಲ್ಲು ಕಚ್ಚಿಕೊಂಡು, ಪಾತಿಯಲ್ಲಿ ಉಳಿದ ಕನಕಾಂಬರವನ್ನೆಲ್ಲ ಬೇರುಸಹಿತ ಕಿತ್ತು ತಂದು ಕಲ್ಲಿನ ಸುತ್ತ ನೆಡತೊಡಗಿದಳು.

“ಜನ ಎಲ್ಲಿ ಓಡಾಡ್ಬೇಕಕ್ಕಾ?” ಎಂದು ಸಮದ್ ಹತ್ತಿರ ಬಂದು ಕೇಳಿದ.

“ಪಕ್ಕದಾಗೆ. ಕಣ್ಣಿಲ್ವಾ ಅವ್ರಿಗೆ?” ಎಂದವಳು ಕೈ ತಡೆದಳು. “ಇದ್ರಾಗೆ ಏನ್ ಬರ್ದವ್ರೆ? ಒಸಿ ಓದ್ಲಾ.”

“ನಂದು ಉರ್ದು ಇಸ್ಕೂಲು ಕಣಕ್ಕಾ. ಅವ್ರನ್ನೇ ಕೇಳ್ಬೇಕಿತ್ತು.”

“ಅವ್ರೆಲ್ಲಿ ನಿಂತ್ರು?” ಎಂದು ಗೊಣಗಿ, ಮುನಿರತ್ನಮ್ಮ ಬಿಂದಿಗೆಯ ನೀರನ್ನು ಅಕ್ಷರಕ್ಕೆ ತಾಕದಂತೆ ಗಿಡಗಳ ಬುಡಕ್ಕೆ ಸುರಿದಳು.